ಭಾವನ ಷೋಕೇಸಿಗೆ ಚೆರ್ರಿ ವೆನೀರು

ಮರದ ಗಂಧಗಾಳಿಯೂ ಗೊತ್ತಿಲ್ಲದವರು ಬಡಗಿಯ ಅಂಗಡಿಗೆ ಬಂದರೆ ಮೊದಲು ಮಾಡುವ ಕೆಲಸ ಒಂದೇ. ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, ತಲೆ ಓರೆ ಮಾಡಿ, ಒಳಗಿನಿಂದ ಯಾರೋ ಓಗೊಡುತ್ತಾರೇನೋ ಎಂಬಂತೆ ಕಾಯುವುದು. ಭಾವ ಮೂರು ಸಲ ಬಡಿದರು. ದೊಡ್ಡ ಕಚೇರಿಯೊಂದರ ದಾಸ್ತಾನು ವಿಭಾಗದ ಮೇಲ್ವಿಚಾರಕರು ಅವರು. ಬೇರೆಯವರಿಗಿಂತ ಒಂದು ಸಲ ಹೆಚ್ಚು ಪರೀಕ್ಷಿಸದೆ ಯಾವುದನ್ನೂ ಬಿಟ್ಟವರಲ್ಲ.

"ಗಟ್ಟಿಯಾಗಿದೆ ಕಣಯ್ಯ," ಎಂದರು.

"ಭಾವ, ಅದು ಗೋಡೆ," ಎಂದ ಬಡಗಿ. "ವೆನೀರನ್ನ ಅದಕ್ಕೆ ಒರಗಿಸಿದ್ದೀನಿ. ಅದು ಪ್ಲೈವುಡ್ಡಿನ ಮೇಲೆ ಅಂಟಿಸೋ ಮರದ ಹಾಳೆ, ಇರೋದೇ ಅರ್ಧ ಮಿಲಿಮೀಟರು ದಪ್ಪ."

ಭಾವ ಕೈ ಹಿಂದಕ್ಕೆ ಎಳೆದುಕೊಂಡು, ಗೋಡೆ ಗಟ್ಟಿಯಾಗಿರುವುದೂ ಒಳ್ಳೆಯದೇ ಎಂಬಂತೆ ಮುಖ ಮಾಡಿದರು.

ಬೇರೆ ಗಿರಾಕಿಗಳಾಗಿದ್ದರೆ ಬಡಗಿ ನಕ್ಕುಬಿಡುತ್ತಿದ್ದ. ಆದರೆ ಇವರು ಸ್ವಂತ ಅಕ್ಕನ ಗಂಡ. ಇಪ್ಪತ್ತೆಂಟು ವರ್ಷದಿಂದ ಅವನು ಈ ಮನುಷ್ಯನ ಮುಂದೆ ನಗುವನ್ನು ನುಂಗಿಕೊಂಡೇ ಬಂದಿದ್ದ. ಅಷ್ಟು ನುಂಗಿಯೂ ಅಜೀರ್ಣವಾಗದೆ ಉಳಿದದ್ದು ಅಕ್ಕನ ಪುಣ್ಯವಿರಬೇಕು.

ಭಾವ ಬಂದ ಕಾರಣ ಸಣ್ಣದಲ್ಲ. ಇನ್ನು ಎಂಟು ತಿಂಗಳಿಗೆ ಅವರ ನಿವೃತ್ತಿ. ನಿವೃತ್ತಿಯಾದವರಿಗೆ ಕಚೇರಿಯ ಒಂದೊಂದು ವಿಭಾಗವೂ ಒಂದೊಂದು ಸನ್ಮಾನ ಫಲಕ ಕೊಡುವುದು ಅಲ್ಲಿನ ರೂಢಿ. ತಮ್ಮ ಹಿಂದಿನವರಿಗೆ ಏಳು ಬಂದಿದ್ದವು, ತಮಗೆ ಒಂಬತ್ತಾದರೂ ಬರಬೇಕು ಎಂದು ಭಾವ ಅಂದಾಜು ಹಾಕಿದ್ದರು. ಒಂಬತ್ತು ಫಲಕಗಳಿಗೆ ನಡುಮನೆಯಲ್ಲಿ ಒಂದು ಷೋಕೇಸು ಬೇಕು. ಬಾಗಿಲು ತೆಗೆದವರ ಕಣ್ಣಿಗೆ ಮನುಷ್ಯರಿಗಿಂತ ಮೊದಲು ಅದು ಬೀಳಬೇಕು. ಫಲಕಗಳು ಇನ್ನೂ ಹುಟ್ಟಿರಲಿಲ್ಲ, ತೊಟ್ಟಿಲು ಮಾತ್ರ ಈಗಲೇ ಆಗಬೇಕಿತ್ತು.

"ಯಾವ ಜಾತಿ ವೆನೀರು ಅಂತ ನೀನು ಹೇಳು. ತೀರ್ಮಾನ ನಂದು," ಎಂದು ಭಾವ ಕುರ್ಚಿ ಎಳೆದುಕೊಂಡು ಕೂತು, ಜೇಬಿನಿಂದ ಪುಟ್ಟ ಡೈರಿ ತೆಗೆದರು.

ಬಡಗಿ ಮೊದಲು ತೇಗದ ಹಾಳೆಯನ್ನು ಬೆಳಕಿಗೆ ಹಿಡಿದ. ಹೊಂಬಣ್ಣದ ಮೈ, ಉದ್ದಕ್ಕೂ ಕಂದು ಗೆರೆ. "ಹುಳ ಹತ್ತಿರ ಬರಲ್ಲ, ನೀರಿಗೂ ಜಗ್ಗಲ್ಲ. ಮೈಯಲ್ಲೇ ಎಣ್ಣೆ ಇರತ್ತೆ. ಅದನ್ನ ಚೆನ್ನಾಗಿ ಒರೆಸಿ ಅಂಟು ಹಾಕಿದ್ರೆ ಜನ್ಮಕ್ಕೂ ಬಿಡಲ್ಲ. ಒರೆಸದೆ ಹಾಕಿದ್ರೆ ಮೂರು ತಿಂಗಳಿಗೆ ಅಂಚು ಏಳತ್ತೆ."

"ತೇಗ ಎಲ್ಲರ ಮನೇಲೂ ಇದೆ. ನಮ್ಮ ಆಫೀಸಿನ ಜವಾನನ ಮನೆ ಬಾಗಿಲೂ ತೇಗಾನೇ. ಬೇಡ."

ಬಡಗಿ ಓಕ್ ತೆಗೆದ. ಬೆರಳಾಡಿಸಿದರೆ ಗೆರೆಗಳು ಕೈಗೆ ಸಿಗುವಂಥ ಒರಟು ಚೆಲುವು ಅದರದ್ದು. ಬಡಗಿಗೆ ಓಕ್ ಎಂದರೆ ಒಳಗೊಳಗೇ ಪ್ರೀತಿ. "ರಂಧ್ರ ದೊಡ್ಡದು ಭಾವ, ತುಂಬಿಸಿ ಪಾಲಿಶ್ ಮಾಡದಿದ್ರೆ ಧೂಳು ಕೂರತ್ತೆ. ಟೀ ಸೊಪ್ಪಲ್ಲಿ ಒಗರು ಇರತ್ತಲ್ಲ, ಅಂಥದೇ ಒಗರು ಇದರಲ್ಲೂ ಇದೆ. ಒದ್ದೆ ಕಬ್ಬಿಣ ತಾಗಿದ್ರೆ ಆ ಜಾಗ ಶಾಯಿ ಚೆಲ್ಲಿದ ಹಾಗೆ ಕಪ್ಪಾಗತ್ತೆ."

"ಫಲಕದ ಹಿಂದೆ ಕಬ್ಬಿಣದ ಮೊಳೆ ಇರತ್ತೆ. ಬೇಡ."

ವಾಲ್‌ನಟ್ ಬಂತು. ಕಡು ಕಂದು, ಹೊಗೆ ಸುಳಿದಂಥ ಗೆರೆ. ಅದನ್ನು ಮುಟ್ಟುವ ಮೊದಲು ಬಡಗಿ ಕೈಯನ್ನು ಅಂಗಿಗೆ ಒರೆಸಿಕೊಂಡ. "ಇದು ಬೇರೆ ಮರದ ಹಾಗಲ್ಲ. ವರ್ಷ ಹೋದ ಹಾಗೆ ಬಿಸಿಲಿಗೆ ಬಣ್ಣ ಇಳಿದು ತಿಳಿಯಾಗತ್ತೆ."

"ಫಲಕದ ಪೀಠ ಕಪ್ಪು, ಇದೂ ಕಪ್ಪು. ಕಪ್ಪಿನ ಮುಂದೆ ಕಪ್ಪಿಟ್ರೆ ಯಾರಿಗಯ್ಯ ಕಾಣತ್ತೆ? ಬೇಡ."

ಮೇಪಲ್ ಬಂತು. ಹಾಲಿಗೆ ಒಂದು ಹನಿ ಜೇನು ಬಿದ್ದಂಥ ಬಣ್ಣ. ನುಣುಪಿನಲ್ಲಿ ಅದನ್ನು ಮೀರಿಸುವ ಮರವಿಲ್ಲ. "ಬೇರೆ ಬಣ್ಣ ಹಚ್ಚೋಕೆ ಹೋದ್ರೆ ಮಾತ್ರ ಮಚ್ಚೆ ಮಚ್ಚೆ ಹಿಡಿಯತ್ತೆ. ಹಾಗೇ ಬಿಟ್ರೆ ನಿಧಾನಕ್ಕೆ ಹಳದಿಯಾಗತ್ತೆ."

"ಕಾಮಾಲೆ ಹಿಡಿದ ಷೋಕೇಸು ನನಗ್ಯಾಕೆ? ಬೇಡ." ಭಾವ ಡೈರಿಯಲ್ಲಿ ನಾಲ್ಕನೆಯ ಗೆರೆಯನ್ನೂ ಹೊಡೆದುಹಾಕಿದರು. "ಅದೋ, ಅಲ್ಲಿ ತಿಳಿ ಗುಲಾಬಿ ಬಣ್ಣದ್ದು ಇದೆಯಲ್ಲ, ಅದ್ಯಾವುದು?"

"ಚೆರ್ರಿ. ಒಳ್ಳೇ ಮರ. ಮೈ ನುಣುಪು, ಗೆರೆ ಗಲಾಟೆ ಮಾಡಲ್ಲ. ಆದ್ರೆ ಭಾವ, ಇದಕ್ಕೊಂದು ಗುಣ ಇದೆ. ಬೆಳಕು ಬಿದ್ರೆ..."

"ನಾಲ್ಕರ ಗುಣ ಕೇಳಿದ್ದೀನಿ, ನಾಲ್ಕೂ ದುರ್ಗುಣ. ಐದನೇದನ್ನೂ ಕೇಳಿದ್ರೆ ನಾನು ಬರೀ ಗೋಡೆ ನೋಡ್ಕೊಂಡು ಮನೆಗೆ ಹೋಗಬೇಕಾಗತ್ತೆ."

"ಅಲ್ಲ ಭಾವ, ಬೆಳಕು..."

"ತೀರ್ಮಾನ ಆಯ್ತು ಕಣಯ್ಯ," ಎಂದು ಭಾವ ಬರೆದರು: ಚೆರ್ರಿ. ಅಂತಿಮ. ಕೆಳಗೆ ಸಹಿಯನ್ನೂ ಹಾಕಿಕೊಂಡರು. ಸ್ವಂತ ಡೈರಿಗೆ ತಾವೇ ಸಹಿ ಹಾಕಿಕೊಳ್ಳುವವರಿಗೆ ಯಾರು ಏನು ಹೇಳುವುದು? ಬಡಗಿ ಚೆರ್ರಿ ಹಾಳೆಗಳನ್ನು ಬೇರೆಯಾಗಿ ಎತ್ತಿಟ್ಟ.

ಹಾಗೆಂದು ಕೆಲಸದಲ್ಲಿ ಅವನು ಮೋಸ ಮಾಡಲಿಲ್ಲ. ವೆನೀರಿನ ಹಾಳೆಗಳು ಒಂದೇ ಮರದಿಂದ ಒಂದರ ಹಿಂದೊಂದು ಸೀಳಿ ಬಂದಿರುತ್ತವೆ. ಅಕ್ಕಪಕ್ಕದ ಎರಡು ಹಾಳೆಗಳನ್ನು ಪುಸ್ತಕ ಬಿಡಿಸಿದಂತೆ ತೆರೆದು ಜೋಡಿಸಿದರೆ ಒಂದರ ಗೆರೆ ಇನ್ನೊಂದರ ಕನ್ನಡಿಯಾಗುತ್ತದೆ. ಷೋಕೇಸಿನ ಹಿಂಬದಿಯ ಹಲಗೆಗೆ ಅವನು ಹಾಗೆ ನಾಲ್ಕು ಹಾಳೆ ಕೂರಿಸಿದ. ಜೋಡಣೆ ಎಲ್ಲಿದೆ ಎಂದು ಉಗುರಿನಿಂದ ಹುಡುಕಿದರೂ ಸಿಗುತ್ತಿರಲಿಲ್ಲ. ಅದನ್ನು ನೋಡುವ ಕಣ್ಣು ಆ ಮನೆಯಲ್ಲಿ ಯಾರಿಗಿದೆ ಎಂದು ಗೊಣಗಿಕೊಂಡೇ ಮಾಡಿದ, ಆದರೂ ಮಾಡಿದ.

ಸಾಗಿಸುವ ದಿನ ಆ ಹಲಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಭಾವ ಟೇಪು ಹಿಡಿದು ಮೆಟ್ಟಿಲಿನ ಅಗಲ, ಹಲಗೆಯ ಉದ್ದ, ಕೊನೆಗೆ ಬಡಗಿಯ ಎತ್ತರವನ್ನೂ ಅಳೆದು, ಇದು ಮೇಲೆ ಬರುವುದು ಸಾಧ್ಯವೇ ಇಲ್ಲ ಎಂದು ಷರಾ ಬರೆದರು. ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲಗೆಯ ಕೆಳಗೆ ಒಂದು ಅಂಗೈ ಕೊಟ್ಟು, ತಲೆಯ ಮೇಲಕ್ಕೆತ್ತಿ, ತಿರುವಿನಲ್ಲಿ ಒಮ್ಮೆ ಓರೆ ಮಾಡಿ ಮೇಲೆ ತಂದಿಟ್ಟಳು. "ಒಲೆ ಮೇಲೆ ಹಾಲಿದೆ," ಎಂದು ಹೊರಟೇಹೋದಳು.

ಅಕ್ಕನ ಆ ತೋಳಿಗೆ ಒಂದು ಚರಿತ್ರೆಯಿತ್ತು. ಮದುವೆಗೆ ಮುಂಚೆ ಅವಳು ಗುಂಡು ಎಸೆತದಲ್ಲಿ ಎತ್ತಿದ ಕೈ. ಬೇರೆ ಹುಡುಗಿಯರು ಗುಂಡನ್ನು ಎರಡು ಕೈಯಲ್ಲಿ ಎತ್ತಲು ಒದ್ದಾಡುತ್ತಿದ್ದಾಗ ಅವಳು ಅದನ್ನು ಕುತ್ತಿಗೆಗೆ ಒತ್ತಿ ಒಂದು ಸುತ್ತು ತಿರುಗಿ ಎಸೆದರೆ, ಅಳೆಯುವವರು ಟೇಪು ಹಿಡಿದು ಹಿಂದಕ್ಕೆ ಹೋಗಬೇಕಾಗುತ್ತಿತ್ತು. ಬಡಗಿ ಆಗ ಮೈದಾನದ ಅಂಚಿನಲ್ಲಿ ಕೂತು ಗಂಟಲು ಹರಿಯುವಂತೆ ಕೂಗುತ್ತಿದ್ದ. ಅವಳು ಮೂರು ಬಹುಮಾನದ ಕಪ್ಪು, ಐದು ಪದಕ ಗೆದ್ದಳು. ಮದುವೆಯಾದ ವಾರ ಅವನ್ನು ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದರು. ಹೆಂಡತಿ ಕಬ್ಬಿಣದ ಗುಂಡು ಎಸೆಯುತ್ತಿದ್ದಳು ಎಂದು ಹೇಳಿಕೊಳ್ಳಲು ಯಾವ ದಾಸ್ತಾನು ಮೇಲ್ವಿಚಾರಕರಿಗೆ ತಾನೆ ಧೈರ್ಯವಿದ್ದೀತು?

ಷೋಕೇಸು ಕಿಟಕಿಯ ಎದುರಿನ ಗೋಡೆಗೆ ನಿಂತಿತು. ಗಾಜಿನ ಬಾಗಿಲು, ಒಂದೇ ಗೇಣು ಆಳ. ಬೆಳಗಿನ ಬಿಸಿಲು ನೇರವಾಗಿ ಬಂದು ಅದರ ಮೇಲೇ ಬೀಳುತ್ತಿತ್ತು. ಎಲ್ಲ ಸೊಗಸಾಗಿತ್ತು, ಒಳಗೆ ಏನೂ ಇರಲಿಲ್ಲ ಎನ್ನುವುದನ್ನು ಬಿಟ್ಟರೆ. ಮೂರು ದಿನ ಭಾವ ಖಾಲಿ ಷೋಕೇಸಿನ ಮುಂದೆ ಕೂತು ಪೇಪರು ಓದಿದರು. ನಾಲ್ಕನೆಯ ದಿನ ಎದುರುಮನೆಯ ಟೀಚರು ಬಂದು, "ಮೀನು ಸಾಕ್ತೀರಾ?" ಎಂದು ಕೇಳಿದರು.

ಭಾವನ ಮುಖ ನೋಡಿ ಬಡಗಿಗೆ ಒಂದು ಯೋಚನೆ ಬಂತು. "ಫಲಕ ಬರೋವರೆಗೆ ಅಕ್ಕನ ಕಪ್ಪು ಇಟ್ಟಿರಿ ಭಾವ. ಖಾಲಿ ಕಾಣಲ್ಲ."

ಭಾವ ಬಹಳ ಹೊತ್ತು ಯೋಚಿಸಿದರು. "ತಾತ್ಕಾಲಿಕವಾಗಿ," ಎಂದರು.

ಅಕ್ಕ ಅಟ್ಟ ಹತ್ತಿ ಗೋಣಿಚೀಲ ಇಳಿಸಿದಳು. ಒಂದಿಡೀ ಮಧ್ಯಾಹ್ನ ಕೂತು ಹುಣಸೆಹಣ್ಣಿನಲ್ಲಿ ಉಜ್ಜಿದಳು. ಎರಡು ಹಿಡಿಕೆಯ ದೊಡ್ಡ ಕಪ್ಪು ನಡುವೆ ನಿಂತಿತು, ಚಿಕ್ಕವು ಅದರ ಎರಡು ಪಕ್ಕ. ಪದಕಗಳನ್ನು ಬಡಗಿಯೇ ಹಿಂದಿನ ಹಲಗೆಗೆ ಸಣ್ಣ ಮೊಳೆ ಹೊಡೆದು ಸಾಲಾಗಿ ತೂಗುಹಾಕಿದ. ಗೇಣು ಆಳದ ಷೋಕೇಸಾದ್ದರಿಂದ ಕಪ್ಪುಗಳ ಬೆನ್ನು ಹಲಗೆಗೆ ತಾಗುತ್ತಿತ್ತು.

"ಅಕ್ಕ, ವಾರಕ್ಕೊಂದು ಸಲ ಇವನ್ನ ಆಚೀಚೆ ಸರಿಸ್ತಿರು," ಎಂದ. "ಚೆರ್ರಿ ಬೆಳಕಿಗೆ ಕೆಂಪಾಗತ್ತೆ. ಒಂದೇ ಕಡೆ ಇಟ್ರೆ ಹಿಂದಿನ ಜಾಗ ಬೆಳ್ಳಗೇ ಉಳಿಯತ್ತೆ."

"ಇಪ್ಪತ್ತೆಂಟು ವರ್ಷ ಚೀಲದಲ್ಲಿ ಒದ್ದಾಡಿವೆ ಕಣೋ," ಎಂದಳು ಅಕ್ಕ. "ಈಗ ನಿಂತ ಕಡೆ ನಿಂತಿರ್ಲಿ ಬಿಡು."

ಆ ತಿಂಗಳುಗಳಲ್ಲಿ ಅಕ್ಕ ಬದಲಾದಳು ಎಂದರೆ ಉತ್ಪ್ರೇಕ್ಷೆಯಾಗುತ್ತದೆ. ಅದೇ ಒಲೆ, ಅದೇ ಪಾತ್ರೆ. ಆದರೆ ಭಾನುವಾರ ಹೋದಾಗಲೆಲ್ಲ ಬಡಗಿ ನೋಡುತ್ತಿದ್ದ, ನಡುಮನೆ ದಾಟುವಾಗ ಅವಳು ಒಂದು ಗಳಿಗೆ ನಿಲ್ಲುತ್ತಿದ್ದಳು. ಎದುರುಮನೆಯ ಟೀಚರು ಬಂದುಹೋಗುವುದು ಹೆಚ್ಚಾಯಿತು. ದೊಡ್ಡ ಕಪ್ಪಿನ ಕತೆ ಕೇಳಿದ ಮೇಲೆ, ತಮ್ಮ ಶಾಲೆಯ ಹುಡುಗಿಯರಿಗೆ ಬಂದು ಗುಂಡು ಎಸೆತ ಹೇಳಿಕೊಡುತ್ತೀರಾ ಎಂದು ಕೇಳಿದ್ದರು. ಅಕ್ಕ "ಅಯ್ಯೋ, ಈ ವಯಸ್ಸಲ್ಲಾ!" ಎಂದು ನಕ್ಕಿದ್ದಳು. ಹಾಗೆ ಬಾಯಿ ತುಂಬ ಅವಳು ನಕ್ಕದ್ದನ್ನು ಬಡಗಿ ಕೇಳಿ ಎಷ್ಟು ವರ್ಷವಾಗಿತ್ತೋ. ಅವನಿಗೆ ಆ ದಿನ ನಿಜಕ್ಕೂ ಖುಷಿಯಾಯಿತು.

ಇತ್ತ ಚೆರ್ರಿ ತನ್ನ ಪಾಡಿಗೆ ತಾನು ಕೆಂಪಾಗುತ್ತಿತ್ತು. ಭಾವ ಗಮನಿಸಲಿಲ್ಲ. ದಿನವೂ ನೋಡುವುದು ಅವರಿಗೆ ಕಾಣುವುದಿಲ್ಲ, ಅದು ಅಕ್ಕನಿಗೂ ಚೆನ್ನಾಗಿ ಗೊತ್ತಿತ್ತು.

ನಿವೃತ್ತಿಯ ದಿನ ಬಂತು, ಹೋಯಿತು. ಹನ್ನೊಂದು ಫಲಕ ಬಂದವು! 'ಸಮಯಪಾಲನೆಗಾಗಿ' ಒಂದು, 'ಶಿಸ್ತಿಗಾಗಿ' ಎರಡು, ಉಳಿದವು ಯಾವುದಕ್ಕಾಗಿ ಎಂದು ಕೊಟ್ಟವರಿಗೂ ಗೊತ್ತಿಲ್ಲದಂಥವು. ಅದರ ಮೂರನೆಯ ದಿನ ಬೆಳಿಗ್ಗೆಯೇ ಭಾವನ ಫೋನು.

"ಕೂಡಲೇ ಬಾ. ನಿನ್ನ ಷೋಕೇಸಿಗೆ ರೋಗ ಬಂದಿದೆ."

ಬಡಗಿ ಹೋಗಿ ನೋಡಿದರೆ ಷೋಕೇಸಿನ ಬಾಗಿಲು ತೆರೆದಿತ್ತು. ಫಲಕಗಳು ನೆಲದ ಮೇಲೆ ಸಾಲಾಗಿ ಹಾಜರಿಗೆ ನಿಂತಿದ್ದವು. ಹಿಂಬದಿಯ ಹಲಗೆ ಪೂರ್ತಿ ಮಾಗಿದ ಕೆಂಗಂದು ಬಣ್ಣ. ಅದರ ನಡುವೆ, ಮೊದಲ ದಿನದ ತಿಳಿ ಗುಲಾಬಿಯಲ್ಲಿ, ಎರಡು ಹಿಡಿಕೆಯ ಒಂದು ದೊಡ್ಡ ಕಪ್ಪು ನಿಂತಿತ್ತು. ಅಂಚು ಕೊಂಚ ಮಸುಕು, ಆದರೆ ಕಪ್ಪೇ, ಅನುಮಾನವಿಲ್ಲ. ಪಕ್ಕದಲ್ಲಿ ಎರಡು ಚಿಕ್ಕವು. ಮೇಲೆ ಐದು ಪದಕ, ಅವುಗಳ ಐದು ರಿಬ್ಬನ್ ಪಟ್ಟಿ.

"ಫಲಕ ಇಟ್ಟು ನೋಡಿದೆ," ಎಂದರು ಭಾವ. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. "ಫಲಕದ ಎರಡು ಪಕ್ಕದಿಂದ ಹಿಡಿಕೆ ಕಾಣತ್ತೆ, ಕಿವಿ ಹಾಗೆ. ಟೀಚರು ಬಂದವರೇ, 'ಆ ಕಪ್ಪು ಎಲ್ಲಿ ಹೋಯ್ತು?' ಅಂದ್ರು. ಹನ್ನೊಂದು ಫಲಕ ಕಣ್ಣೆದುರಿಗಿದೆ, ಒಂದರ ಬಗ್ಗೆ ಕೇಳಲಿಲ್ಲ! ಭಾನುವಾರ ಆಫೀಸಿನವರು ಬರ್ತಾರೆ. ಅವರೂ ಕೇಳ್ತಾರೆ."

"ಅಕ್ಕನ ಕಪ್ಪು ಅಂತ ಹೇಳಿ. ಅಂದ್ಹಾಗೆ ಎಲ್ಲಿ ಅವು? ಮತ್ತೆ ಅಟ್ಟಕ್ಕೆ ಹೋದ್ವಾ?"

ಭಾವ ಕನ್ನಡಕ ತೆಗೆದು ಒರೆಸಿದರು. "ವಿಲೇವಾರಿ ಆಯ್ತು."

"ಏನಂದ್ರಿ?"

"ನಿರುಪಯುಕ್ತ ಸಾಮಾನು, ವಿಲೇವಾರಿ ಮಾಡಿದೆ. ಹಳೇ ಪೇಪರಿನ ಜೊತೆ ಗುಜರಿಯವನಿಗೆ ಕೊಟ್ಟೆ. ಅಸಲಿ ಹಿತ್ತಾಳೆಯೂ ಅಲ್ಲವಂತೆ ಅವು, ಬರೀ ಲೇಪ. ಆದ್ರೂ ಒಳ್ಳೇ ಮನುಷ್ಯ, ಬದಲಿಗೆ ಒಂದು ಪ್ಲಾಸ್ಟಿಕ್ ಬಕೆಟ್ ಕೊಟ್ಟ."

ಬಡಗಿಯ ಪಿತ್ತ ನೆತ್ತಿಗೇರಿತು. ಕೈಯಲ್ಲಿ ಉಳಿ ಇಲ್ಲದ್ದು ಎಲ್ಲರಿಗೂ ಒಳ್ಳೆಯದಾಯಿತು. ಅಕ್ಕ ಆಗ ಎಲ್ಲಿದ್ದಳು ಎಂದು ಕೇಳಿದ. ಸನ್ಮಾನಕ್ಕೆ ಭಾವ ಹಾಕಿಕೊಳ್ಳುವ ಹೊಸ ಕೋಟು ತರಲು ದರ್ಜಿಯ ಹತ್ತಿರ ಹೋಗಿದ್ದಳಂತೆ. ಭಾವ ಇದನ್ನು ಹೇಳುವಾಗ ಅವರ ಮುಖದಲ್ಲಿ ಏನೂ ಕದಲಲಿಲ್ಲ. ಕೋಟಿಗೂ ಕಪ್ಪಿಗೂ ಏನು ಸಂಬಂಧ ಎಂದು ಅವರಿಗೆ ಪ್ರಾಮಾಣಿಕವಾಗಿಯೇ ತಿಳಿಯದು. ಕೆಟ್ಟವರಾಗಿದ್ದರೆ ಬಯ್ಯಬಹುದಿತ್ತು. ಇವರು ಅಚ್ಚುಕಟ್ಟಾದವರು, ಅಚ್ಚುಕಟ್ಟನ್ನು ಏನೆಂದು ಬಯ್ಯುವುದು?

ಅವನು ಗುಜರಿ ಅಂಗಡಿಗೆ ಓಡಿದ. ವಾರದ ಲಾರಿ ಹಿಂದಿನ ದಿನವೇ ಹೋಗಿತ್ತು. "ಈಗಾಗ್ಲೇ ಕರಗಿಸಿರ್ತಾರೆ," ಎಂದ ಗುಜರಿಯವನು. ಪಾಪ, ಇನ್ನೊಂದು ಬಕೆಟ್ ಬೇಕಾ ಎಂದೂ ಕೇಳಿದ.

ವಾಪಸು ಬಂದಾಗ ಅಕ್ಕ ಅಡುಗೆಮನೆಯ ನೆಲ ಒರೆಸುತ್ತಿದ್ದಳು. ಪಕ್ಕದಲ್ಲಿ ಹಸಿರು ಬಣ್ಣದ ಹೊಸ ಬಕೆಟ್. ತಮ್ಮ ಅದನ್ನೇ ನೋಡುತ್ತಿರುವುದು ಅವಳಿಗೆ ಕಂಡಿತು.

"ಸೋರಲ್ಲ," ಎಂದಳು. "ಒಳ್ಳೇ ಬಕೆಟ್ಟು."

ಬಡಗಿ ಅವಳೆದುರು ಕುಕ್ಕರಗಾಲಲ್ಲಿ ಕೂತ. ಏನಾದರೂ ಒಳ್ಳೆಯ ಮಾತು ಹೇಳಬೇಕು ಎಂದು ಹುಡುಕಿದ. ಬಡಗಿಗೆ ಒಳ್ಳೆಯ ಮಾತು ಎಂದರೆ ಮರದ ಮಾತೇ.

"ಅಕ್ಕ, ಆ ಕಲೆ ಬಗ್ಗೆ ಯೋಚನೆ ಮಾಡ್ಬೇಡ. ಭಾವನಿಗೂ ಈಗ ಹೇಳಿಬಿಡ್ತೀನಿ. ಅದಕ್ಕೆ ಏನೂ ಮಾಡೋದೇ ಬೇಡ. ಬೆಳಕಿಗೆ ಹಾಗೇ ತೆರೆದಿಟ್ರೆ ಬೆಳ್ಳಗಿರೋ ಜಾಗವೂ ಕೆಂಪಾಗ್ತಾ ಬರತ್ತೆ. ಐದಾರು ತಿಂಗಳು. ಆಮೇಲೆ ಅಲ್ಲಿ ಏನಿತ್ತು ಅಂತ್ಲೇ ಗೊತ್ತಾಗಲ್ಲ."

ಅಕ್ಕನ ಕೈ ನಿಂತಿತು. ಒದ್ದೆ ಬಟ್ಟೆಯಿಂದ ನೀರು ಸೋರಿ ಒರೆಸಿದ ನೆಲದ ಮೇಲೆ ಹರಿಯಿತು.

"ಹೋಗಿಬಿಡತ್ತಾ?" ಎಂದಳು.

"ಪೂರ್ತಿ."

ಅವಳು ತಲೆ ತಗ್ಗಿಸಿ ಬಟ್ಟೆಯನ್ನು ಬಕೆಟ್ಟಿಗೆ ಹಿಂಡಿದಳು. "ಬೆಳಿಗ್ಗೆ ಎದ್ದು ಕಿಟಕಿ ತೆಗೆದ ತಕ್ಷಣ ಬಿಸಿಲು ಬೀಳತ್ತಲ್ಲ, ಆಗ ನೋಡ್ತೀನಿ ಕಣೋ," ಎಂದಳು. "ಮೂರು ದಿನದಿಂದ ನೋಡ್ತಿದ್ದೀನಿ. ಅಲ್ಲೇ ಇದ್ದ ಹಾಗೇ ಇದೆ. ಹಿಡಿಕೆ ಒಂದು ಕಡೆ ಸೊಟ್ಟ ಇತ್ತಲ್ಲ, ಬಸ್ಸಲ್ಲಿ ಬರುವಾಗ ನೀನು ಬೀಳಿಸಿದ್ದೆಯಲ್ಲ, ಆ ಸೊಟ್ಟವೂ ಇದೆ." ಆಮೇಲೆ ಮುಖವೆತ್ತಿ ಕೇಳಿದಳು: "ಹೋಗದ ಹಾಗೆ ಮಾಡೋಕಾಗಲ್ವಾ?"

ಇಪ್ಪತ್ತೆಂಟು ವರ್ಷದಲ್ಲಿ ಅಕ್ಕ ಅವನನ್ನು ಕೇಳಿದ್ದು ಇದೊಂದೇ. ಅಲ್ಲಿ ಉಳಿದಿದ್ದ ಆ ಬಿಳಿ ಜಾಗ ಬಿಟ್ಟರೆ, ಅವಳು ಒಂದು ಕಾಲಕ್ಕೆ ಯಾರಾಗಿದ್ದಳು ಎಂದು ಹೇಳುವಂಥದ್ದು ಆ ಮನೆಯಲ್ಲಿ ಇನ್ನೇನೂ ಇರಲಿಲ್ಲ. ಕಲೆ ಹೋಗುತ್ತದೆ ಎಂದು ಸಮಾಧಾನ ಹೇಳಿದ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಎಂದು ಅವನಿಗೆ ಅನಿಸಿತು.

ಅವನು ಎದ್ದು ನಡುಮನೆಗೆ ಬಂದ. ಭಾವ ಕೈಯಲ್ಲಿ ಸ್ಯಾಂಡ್‌ಪೇಪರು ಹಿಡಿದು ನಿಂತಿದ್ದರು.

"ಭಾವ! ಅದನ್ನ ಕೆಳಗಿಡಿ!"

ಭಾವ ಬೆಚ್ಚಿಬಿದ್ದು ಅದನ್ನು ಕೈಬಿಟ್ಟರು. ಬಡಗಿ ಇಷ್ಟು ಜೋರಾಗಿ ಮಾತಾಡಿದ್ದನ್ನು ಅವರು ಕೇಳಿಯೇ ಇರಲಿಲ್ಲ.

"ಅರ್ಧ ಮಿಲಿಮೀಟರು ಭಾವ. ನಾಲ್ಕು ಸಲ ಉಜ್ಜಿದ್ರೆ ಕೆಳಗಿನ ಪ್ಲೈವುಡ್ಡು ಹಲ್ಲು ಕಿರಿಯತ್ತೆ. ನಾನು ನಿಮಗೆ ಅವತ್ತೇ ಹೇಳೋಕೆ ಬಂದೆ, ಬೆಳಕು, ಬೆಳಕು ಅಂತ. ನೀವು ಐದನೇದು ಬೇಡ ಅಂದ್ರಿ."

"ಸರಿ, ಈಗ ಪರಿಹಾರ?" ಭಾವ ಡೈರಿ ತೆಗೆದರು.

ಬಡಗಿ ಷೋಕೇಸಿನ ಹತ್ತಿರ ಹೋದ. ಹಲಗೆಯನ್ನು ಮೂಸಿದ. ಬೆರಳ ಗೆಣ್ಣಿನಿಂದ ಮೂರು ಸಲ ಬಡಿದ. ತಲೆ ಓರೆ ಮಾಡಿ ಕಾದ. ಭಾವನೂ ಉಸಿರು ಬಿಗಿಹಿಡಿದು ಕಾದರು.

"ಬೆಳಕಿನಿಂದ ಬಂದದ್ದು, ಕತ್ತಲಿನಿಂದಲೇ ಹೋಗ್ಬೇಕು," ಎಂದು ಅವನು ನಿಧಾನವಾಗಿ ಹೇಳಿದ. ಮೂವತ್ತು ವರ್ಷ ಮರದ ಜೊತೆ ಬಾಳಿದವನು ಮರದ ಬಗ್ಗೆ ಹೇಳಿದ ಮೊದಲ ಸುಳ್ಳು ಅದು. ನಾಲಿಗೆ ತೊದಲದಿದ್ದದ್ದಕ್ಕೆ ಅವನಿಗೇ ಆಶ್ಚರ್ಯ. "ದಪ್ಪ ಕಪ್ಪು ಬಟ್ಟೆಯ ಪರದೆ, ಎರಡು ಮಡಿಕೆ. ಗಾಜಿಗೆ ಅಂಟಿದ ಹಾಗಿರಬೇಕು. ಒಂದು ಗೆರೆ ಬೆಳಕೂ ಒಳಗೆ ಹೋಗಬಾರದು, ಹೋದ್ರೆ ಕಲೆ ಹಬ್ಬತ್ತೆ. ಒಳಗೆ ಏನೂ ಇಡೋ ಹಾಗಿಲ್ಲ, ಮರ ಉಸಿರಾಡಬೇಕು."

"ಏನೂ ಅಂದ್ರೆ? ಫಲಕ?"

"ಫಲಕ ಇಟ್ರೆ ಅದರ ಗುರುತೂ ಬೀಳತ್ತೆ ಭಾವ. ಹನ್ನೊಂದು."

ಭಾವ ಕಣ್ಣು ಮುಚ್ಚಿ ಆ ದೃಶ್ಯವನ್ನು ಕಲ್ಪಿಸಿಕೊಂಡರು. ಕಂಡದ್ದು ಹಿಡಿಸಿದಂತಿರಲಿಲ್ಲ. "ಎಷ್ಟು ಕಾಲ?"

"ಮರದ ವಿಷಯ. ಅವಸರ ಮಾಡಬಾರದು."

ಭಾವ ಬರೆದುಕೊಂಡು ಸಹಿ ಹಾಕಿದರು. ಆಜ್ಞೆಯೊಂದನ್ನು ಅಕ್ಷರಶಃ ಪಾಲಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಶಿಸ್ತಿಗೆ ಎರಡು ಫಲಕ ಸುಮ್ಮನೆ ಬಂದದ್ದಲ್ಲ. ಸಂಜೆಯೊಳಗೆ ಪರದೆ ಬಂತು, ಮೇಲೆ ಒಂದು ಚೀಟಿಯೂ ಬಂತು: 'ಚಿಕಿತ್ಸೆಯಲ್ಲಿದೆ. ಯಾರೂ ತೆರೆಯತಕ್ಕದ್ದಲ್ಲ.' ಬೆಳಿಗ್ಗೆ ಬಿಸಿಲೇರುವ ಮೊದಲು ತಾವೇ ಎದ್ದು ಪರದೆಯ ಅಂಚನ್ನು ಬೆರಳಿನಿಂದ ತೀಡಿ ನೋಡುತ್ತಿದ್ದರು, ಎಲ್ಲಾದರೂ ಬೆಳಕು ಕಳ್ಳತನದಿಂದ ನುಗ್ಗಿದೆಯೇ ಎಂದು. ಬೇರೆ ಯಾರನ್ನು ನೇಮಿಸಿದ್ದರೂ ಆ ಕಲೆಯನ್ನು ಇಷ್ಟು ನಿಷ್ಠೆಯಿಂದ ಕಾಯುತ್ತಿರಲಿಲ್ಲ.

ಇನ್ನು ಹನ್ನೊಂದು ಫಲಕಗಳು. ನೆಲದ ಮೇಲಿದ್ದರೆ ಕಾಲಿಗೆ ತಾಗುತ್ತವೆ, ಮೇಜಿನ ಮೇಲಿಟ್ಟರೆ ಊಟಕ್ಕೆ ಜಾಗವಿಲ್ಲ. ಅಕ್ಕ ಹಳೆಯ ಗೋಣಿಚೀಲ ತಂದು ಒಂದೊಂದನ್ನೇ ಪೇಪರಿನಲ್ಲಿ ಸುತ್ತಿ ತುಂಬಿ, ಒಂದೇ ಕೈಯಲ್ಲಿ ಎತ್ತಿ ಅಟ್ಟಕ್ಕೆ ಹಾಕಿದಳು.

"ತಾತ್ಕಾಲಿಕವಾಗಿ," ಎಂದಳು.

ಭಾನುವಾರ ಆಫೀಸಿನವರು ಬಂದರು. ಕರಿ ಪರದೆ ನೋಡಿ ಮೊದಲು ಯಾರಿಗಾದರೂ ಏನಾದರೂ ಆಯಿತೇ ಎಂದು ಗಾಬರಿಯಾಗಿ ದನಿ ತಗ್ಗಿಸಿದರು. ಭಾವ ಅವರಿಗೆ ಒಂದು ಗಂಟೆ ಚೆರ್ರಿ ಮರದ ಗುಣಧರ್ಮ ವಿವರಿಸಿದರು. ತೇಗಕ್ಕೆ ಎಣ್ಣೆ, ಓಕ್‌ಗೆ ಒಗರು, ವಾಲ್‌ನಟ್ಟಿಗೆ ಬಿಸಿಲು ಎಂದೆಲ್ಲ ಹೇಳಿ, ಕೊನೆಗೆ ಪರದೆಯ ಪಕ್ಕದ ಗೋಡೆಯನ್ನು ಬಡಿದು ತೋರಿಸಿದರು. ಫಲಕ ಎಲ್ಲಿ ಎಂದು ಕೇಳುವ ಮೊದಲೇ ಅವರೆಲ್ಲ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಬಡಗಿ ಹೋದಾಗ ಭಾವ ವಾಕಿಂಗಿಗೆ ಹೋಗಿದ್ದರು. ಅಕ್ಕ ಆಗಷ್ಟೇ ಹೊರಗಿನಿಂದ ಬಂದಿದ್ದಳು. ಸೀರೆಯ ಅಂಚಿಗೆ, ಬಲಗೈಯ ಬೆರಳುಗಳಿಗೆ ಕೆಂಪು ಮಣ್ಣು ಮೆತ್ತಿತ್ತು.

"ಎಲ್ಲಿಗೆ ಹೋಗಿದ್ದೆ?"

"ಟೀಚರ ಶಾಲೆಗೆ. ವಾರಕ್ಕೆರಡು ದಿನ ಹೋಗ್ತೀನಿ." ಕೈ ತೊಳೆದುಕೊಳ್ಳದೆಯೇ ಅವಳು ಬಂದು ಕಿಟಕಿ ಮುಚ್ಚಿದಳು. ಆಮೇಲೆ ಪರದೆಯ ಒಂದು ಮೂಲೆ ಎತ್ತಿದಳು. "ಬಾ, ನೋಡು."

ಮಬ್ಬು ಬೆಳಕಿನಲ್ಲಿ ಕೆಂಪು ಹಲಗೆಯ ಮೇಲೆ ದೊಡ್ಡ ಕಪ್ಪು ಹಾಗೆಯೇ ನಿಂತಿತ್ತು. ಸೊಟ್ಟ ಹಿಡಿಕೆಯೂ ಇತ್ತು. ಅಕ್ಕ ಗಾಜಿಗೆ ಬೆರಳು ತಾಗಿಸದೆ ಒಂದೊಂದನ್ನೇ ತೋರಿಸಿದಳು. ಇದು ಮೊದಲನೇ ವರ್ಷದ್ದು. ಇದು ಜ್ವರ ಬಂದಾಗ ಎಸೆದದ್ದು. ಇದು ಅಳತೆ ಟೇಪು ಸಾಲದೆ ಎರಡನೆಯದನ್ನು ತಂದದ್ದು.

"ಎಷ್ಟು ಹೊತ್ತು ಹೀಗೆ ಎತ್ತಿ ಹಿಡಿದಿರ್ತೀಯ?" ಎಂದು ಬಡಗಿ ಕೇಳಿದ. ಅವನಿಗೆ ಕಣ್ಣು ತುಂಬಿ ಬಂದಿತ್ತು, ಮಾತು ಬೇರೆ ಕಡೆ ತಿರುಗಿಸಬೇಕಿತ್ತು.

ಅಕ್ಕ ಥಟ್ಟನೆ ಪರದೆ ಬಿಟ್ಟು, ಭಾವ ಮಾಡುವ ಹಾಗೆಯೇ ಅದರ ಅಂಚನ್ನು ಬೆರಳಿನಿಂದ ತೀಡಿದಳು. ಕೆಂಪು ಮಣ್ಣಿನ ಒಂದು ಗೆರೆ ಕರಿ ಬಟ್ಟೆಯ ಮೇಲೆ ಉಳಿಯಿತು.

"ಇಷ್ಟೇ," ಎಂದಳು. "ಬೆಳಕು ಕಂಡ್ರೆ ಇದೂ ಎಲ್ಲರ ಹಾಗೆ ಕೆಂಪಾಗಿಬಿಡತ್ತೆ."